ದೂರಪ್ರಯಾಣದ ಬೈಕು ಮತ್ತು ಮಾರ್ಪಾಡಿನ ಲೆಕ್ಕ: ಒಂದು ಸಂವಾದ

ದಿನವೊಂದಕ್ಕೆ ಮುನ್ನೂರು ನಾನೂರು ಕಿಲೋಮೀಟರಿನಂತೆ ಹಲವು ದಿನ ಎಡೆಬಿಡದೆ, ಸಾಮಾನು ಹೊತ್ತು ಓಡಲೆಂದು ರೂಪಿಸಿದ ಅಥವಾ ಆ ಕೆಲಸಕ್ಕೆ ಒಗ್ಗಿಸಿಕೊಂಡ ಬೈಕನ್ನು ಸವಾರರು ಟೂರಿಂಗ್ ಬೈಕು ಎನ್ನುತ್ತಾರೆ. ಅಂಥ ಬೈಕನ್ನು ಕೊಂಡವರಲ್ಲಿ ಅದನ್ನು ಕಾರ್ಖಾನೆಯಿಂದ ಬಂದಂತೆಯೇ ಉಳಿಸಿಕೊಳ್ಳುವವರು ಕಡಿಮೆ. ವಿಂಡ್‌ಶೀಲ್ಡ್, ಸಾಮಾನಿನ ಪೆಟ್ಟಿಗೆ, ಹೆಚ್ಚುವರಿ ದೀಪ, ಲೆಗ್ ಗಾರ್ಡ್, ಬೇರೆ ಸೀಟು ಎಂದು ಒಂದೊಂದಾಗಿ ಸೇರಿಸುತ್ತ ಹೋಗುವುದೇ ಹೆಚ್ಚಿನವರ ರೂಢಿ. ಈ ರೂಢಿಯ ಸಾಧಕಬಾಧಕಗಳನ್ನು ಇಲ್ಲಿ ಇಬ್ಬರು ಚರ್ಚಿಸುತ್ತಾರೆ. ಸವಾರನ ಪಕ್ಷವನ್ನು ವಹಿಸಿದವರನ್ನು ಪ್ರವಾಸಿ ಎಂದೂ ಯಂತ್ರದ ಪಕ್ಷವನ್ನು ವಹಿಸಿದವರನ್ನು ತಂತ್ರಜ್ಞ ಎಂದೂ ಕರೆಯಲಾಗಿದೆ.

ಪ್ರವಾಸಿ: ಕಾರ್ಖಾನೆಯವರು ಕೊಟ್ಟ ಬೈಕಿಗೆ ಕೈಹಚ್ಚಕೂಡದು ಎನ್ನುವವರು ಒಂದು ಸರಳ ಸಂಗತಿಯನ್ನು ಮರೆಯುತ್ತಾರೆ. ಐದಡಿ ಎತ್ತರದವರೂ ಆರಡಿ ಎತ್ತರದವರೂ, ಒಂಟಿಯಾಗಿ ಹೋಗುವವರೂ ಜೊತೆಗಾರರನ್ನು ಕೂರಿಸಿಕೊಳ್ಳುವವರೂ, ದಿನವೂ ಕಚೇರಿಗೆ ಓಡಾಡುವವರೂ ವರ್ಷಕ್ಕೊಮ್ಮೆ ಹಿಮಾಲಯ ಹತ್ತುವವರೂ ಒಂದೇ ಮಾದರಿಯನ್ನು ಕೊಳ್ಳುವುದರಿಂದ, ತಯಾರಕರು ಇವರೆಲ್ಲರ ನಡುವಿನ ಒಬ್ಬ ಸರಾಸರಿ ಸವಾರನನ್ನು ಕಲ್ಪಿಸಿಕೊಂಡು ಬೈಕನ್ನು ರೂಪಿಸುತ್ತಾರೆ. ಆ ಸರಾಸರಿ ಸವಾರ ಎಲ್ಲಿಯೂ ಇಲ್ಲದ ಕಾರಣ, ಕೊಂಡವನು ತನ್ನ ಮೈಗೂ ತನ್ನ ದಾರಿಗೂ ತಕ್ಕಂತೆ ಮಾಡಿಕೊಳ್ಳುವ ಮಾರ್ಪಾಡು ವಿನ್ಯಾಸದ ಕೊನೆಯ ಹಂತವೆನಿಸಿಕೊಳ್ಳುತ್ತದೆಯೇ ಹೊರತು ವಿನ್ಯಾಸಕನಿಗೆ ಮಾಡಿದ ಅಪಚಾರವಾಗುವುದಿಲ್ಲ.

ತಂತ್ರಜ್ಞ: ಮೈಗೆ ಹೊಂದಿಸಿಕೊಳ್ಳುವ ಮಾತಿನಲ್ಲಿ ಜಗಳವಿಲ್ಲ; ಚರ್ಚೆ ಅಲ್ಲಿಂದಲೇ ಆರಂಭವಾಗುವುದು ಒಳ್ಳೆಯದು, ಏಕೆಂದರೆ ಹೆಚ್ಚಿನವರು ಅದನ್ನು ಕೊನೆಗೆ ಉಳಿಸಿಕೊಂಡು ಮೊದಲು ಪೆಟ್ಟಿಗೆ ದೀಪಗಳ ಅಂಗಡಿಗೆ ಹೋಗುತ್ತಾರೆ. ಸವಾರನ ಮೈ ಬೈಕನ್ನು ಮುಟ್ಟುವುದು ಸೀಟು, ಹ್ಯಾಂಡಲ್, ಫುಟ್‌ರೆಸ್ಟ್ ಎಂಬ ಮೂರು ಕಡೆ. ಈ ಮೂರು ಬಿಂದುಗಳನ್ನು ಸೇರಿಸಿದ ತ್ರಿಕೋನ ಬೆನ್ನು ಎಷ್ಟು ಬಾಗಬೇಕು, ಮೊಣಕಾಲು ಎಷ್ಟು ಮಡಿಚಬೇಕು, ಅಂಗೈಯ ಮೇಲೆ ಎಷ್ಟು ಭಾರ ಬೀಳಬೇಕು ಎಂಬುದನ್ನೆಲ್ಲ ನಿರ್ಧರಿಸುತ್ತದೆ. ಕ್ಲಚ್ ಮತ್ತು ಬ್ರೇಕ್ ಲಿವರುಗಳ ಕೋನ, ಗೇರ್ ಲಿವರಿನ ಎತ್ತರ, ಹ್ಯಾಂಡಲನ್ನು ಅದರ ಹಿಡಿಕೆಯಲ್ಲೇ ತುಸು ಹಿಂದಕ್ಕೆ ಹೊರಳಿಸುವುದು, ಇವಕ್ಕೆ ಒಂದೆರಡು ಸ್ಪ್ಯಾನರುಗಳ ಹೊರತು ಬೇರೆ ಖರ್ಚಿಲ್ಲ. ಮುಂಗೈ ಜೋಮು ಹಿಡಿಯುತ್ತದೆಂದು ದುಬಾರಿ ಗ್ರಿಪ್ ಕೊಳ್ಳುವವರಲ್ಲಿ ಎಷ್ಟೋ ಮಂದಿಗೆ ಲಿವರನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿದರೆ ಸಾಕಾಗಿರುತ್ತದೆ.

ಪ್ರವಾಸಿ: ಆದರೂ ತಿರುಗಿಸುವುದರಿಂದ ಮುಗಿಯದ ಸಂದರ್ಭಗಳಿವೆ. ಎತ್ತರದ ಸವಾರ ಕೆಟ್ಟ ರಸ್ತೆಯಲ್ಲಿ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಓಡಿಸಬೇಕಾದಾಗ ಹ್ಯಾಂಡಲ್ ಕೈಗೆ ಎಟುಕದೆ ಬೆನ್ನು ಬಗ್ಗುತ್ತದೆ. ಆಗ ಹ್ಯಾಂಡಲಿನ ಕೆಳಗೆ ರೈಸರ್ ಎಂಬ ಎತ್ತರಿಸುವ ತುಂಡನ್ನು ಹಾಕಿಸಲೇಬೇಕಾಗುತ್ತದೆ. ಸೀಟಿನ ಕಥೆಯೂ ಹಾಗೆಯೇ. ವಾಹನದ ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಗಳಲ್ಲಿ ಸೀಟಿನ ಒಳಗಿನ ಫೋಮ್ ಬದಲಿಸಿ ಹೊಸ ಹೊದಿಕೆ ಹೊಲಿಯುವ ಕೆಲಸಕ್ಕೆ ಬೇಡಿಕೆ ಇರುವುದು ಕಾರ್ಖಾನೆಯ ಸೀಟು ಎಲ್ಲರಿಗೂ ಒಗ್ಗುವುದಿಲ್ಲವೆಂಬುದಕ್ಕೆ ಸಾಕ್ಷಿ.

ತಂತ್ರಜ್ಞ: ರೈಸರ್ ಹಾಕಿಸುವುದು ಸರಿಯೇ, ಆದರೆ ಹಾಕಿದ ಮೇಲೆ ಹ್ಯಾಂಡಲನ್ನು ಎಡದ ಕೊನೆಗೂ ಬಲದ ಕೊನೆಗೂ ತಿರುಗಿಸಿ, ಕ್ಲಚ್ ಕೇಬಲ್ಲು, ಬ್ರೇಕಿನ ಹೋಸು, ವೈರಿನ ಕಟ್ಟು ಎಲ್ಲಿಯೂ ಬಿಗಿಯುವುದಿಲ್ಲವೆಂದು ನೋಡಬೇಕು. ತಿರುಗಿಸಿದಾಗ ಆಕ್ಸಿಲರೇಟರ್ ಕೇಬಲ್ಲು ಎಳೆಸಿಕೊಂಡರೆ ಎಂಜಿನ್ ತಾನಾಗಿ ವೇಗ ಪಡೆಯುತ್ತದೆ. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಹಾಗಾದರೆ ಬೀಳದೆ ಗತ್ಯಂತರವಿಲ್ಲ. ಸೀಟಿನ ವಿಷಯದಲ್ಲಿ ಜನ ಸಾಮಾನ್ಯವಾಗಿ ಮೆತ್ತಗಿನದನ್ನು ಕೇಳುತ್ತಾರೆ. ಕುಳಿತಾಗ ಮೈಭಾರವನ್ನು ಹೊರುವುದು ಸೊಂಟದ ಕೆಳತುದಿಯ ಎರಡು ಮೂಳೆಗಳು. ಮೆತ್ತನೆಯ ಫೋಮ್ ಆ ಮೂಳೆಗಳ ಕೆಳಗೆ ಪೂರ್ತಿ ಕುಸಿದು ತಳದ ಪ್ಲಾಸ್ಟಿಕ್ಕನ್ನು ಮುಟ್ಟಿಸುವುದರಿಂದ ಅಂಗಡಿಯಲ್ಲಿ ಸುಖವೆನಿಸಿದ ಸೀಟು ಎರಡನೆಯ ಗಂಟೆಗೆ ಶಿಕ್ಷೆಯಾಗುತ್ತದೆ. ತುಸು ಗಟ್ಟಿಯಾದ, ಹಿಂಬದಿಯಲ್ಲಿ ಅಗಲವಾದ, ಮುಂದಕ್ಕೆ ಜಾರಿಸದಂತೆ ಸಮತಟ್ಟಾದ ಸೀಟು ಭಾರವನ್ನು ಹೆಚ್ಚು ಜಾಗಕ್ಕೆ ಹಂಚುತ್ತದೆ. ಇಲ್ಲಿಯೂ ಬೆಲೆಯುಂಟು: ಸೀಟು ಅಗಲವಾದಷ್ಟೂ ಎತ್ತರವಾದಷ್ಟೂ ಕಾಲು ನೆಲಕ್ಕೆ ಎಟುಕುವುದು ಕಷ್ಟವಾಗುತ್ತದೆ. ಸೇರಿಸಿದ ಪ್ರತಿಯೊಂದು ವಸ್ತುವೂ ಬೇರೊಂದು ಕಡೆಯಿಂದ ಏನನ್ನಾದರೂ ಕಳೆಯುತ್ತದೆಂಬುದೇ ಈ ಇಡೀ ವಿಷಯದ ಮೂಲಸೂತ್ರ.

ಪ್ರವಾಸಿ: ಆ ಸೂತ್ರವನ್ನು ಒಪ್ಪಿದರೂ ಅದರಿಂದ ಮಾರ್ಪಾಡಿನ ಮಹತ್ವ ಕಡಿಮೆಯಾಗುವುದಿಲ್ಲ, ಏಕೆಂದರೆ ಟೂರಿಂಗ್ ಬೈಕೆಂಬ ಜಾತಿಯನ್ನು ರೂಪಿಸಿದ್ದರಲ್ಲಿ ಸವಾರರ ಪಾಲು ದೊಡ್ಡದು. ಹೋಂಡಾ ಕಂಪನಿ 1974ರ ಕೊಲೋನ್ ಪ್ರದರ್ಶನದಲ್ಲಿ ಮೊದಲ ಗೋಲ್ಡ್ ವಿಂಗನ್ನು ಜನರ ಮುಂದಿಟ್ಟಾಗ ಅದರಲ್ಲಿ 999 ಸಿಸಿಯ, ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿದ, ನೀರಿನಿಂದ ತಣಿಯುವ ಎಂಜಿನ್ ಇತ್ತು. ಹಿಂಚಕ್ರಕ್ಕೆ ಚೈನಿನ ಬದಲು ದಂಡದ ಮೂಲಕ ಶಕ್ತಿ ಹೋಗುತ್ತಿತ್ತು. ಪೆಟ್ರೋಲ್ ಟ್ಯಾಂಕನ್ನು ಸೀಟಿನ ಕೆಳಗಿಟ್ಟು ಭಾರವನ್ನು ತಗ್ಗಿಸಲಾಗಿತ್ತು. ಇಷ್ಟಿದ್ದರೂ ಅದಕ್ಕೆ ಗಾಳಿಗೆ ತಡೆಯಾಗಲಿ ಸಾಮಾನಿಗೆ ಪೆಟ್ಟಿಗೆಯಾಗಲಿ ಇರಲಿಲ್ಲ. ಅಮೆರಿಕದ ಸವಾರರು ಅದನ್ನು ಕೊಂಡು, ಕ್ರೇಗ್ ವೆಟ್ಟರ್ ಎಂಬ ವಿನ್ಯಾಸಕ ಇಲಿನಾಯ್ ರಾಜ್ಯದಲ್ಲಿ ತಯಾರಿಸುತ್ತಿದ್ದ ವಿಂಡ್‌ಜಾಮರ್ ಎಂಬ ಫೇರಿಂಗನ್ನು, ಅಂದರೆ ಸವಾರನ ಎದೆ, ಕೈ, ಕಾಲುಗಳನ್ನು ಮರೆಮಾಡುವ ಮುಂಭಾಗದ ಕವಚವನ್ನು, ಜೋಡಿಸಿ, ಪಕ್ಕಕ್ಕೆ ಪೆಟ್ಟಿಗೆಗಳನ್ನು ತೂಗುಹಾಕಿ ಖಂಡದ ಈ ತುದಿಯಿಂದ ಆ ತುದಿಗೆ ಓಡಾಡತೊಡಗಿದರು. ಕಡೆಗೆ 1980ರಲ್ಲಿ ಹೋಂಡಾ ಕಂಪನಿಯೇ ಫೇರಿಂಗು, ಪಕ್ಕದ ಪೆಟ್ಟಿಗೆ, ಹಿಂದಿನ ಪೆಟ್ಟಿಗೆ ಎಲ್ಲವೂ ಇರುವ ಇಂಟರ್‌ಸ್ಟೇಟ್ ಮಾದರಿಯನ್ನು ಕಾರ್ಖಾನೆಯಿಂದಲೇ ಕೊಟ್ಟಿತು. ವಿನ್ಯಾಸಕರು ಕಾಣದಿದ್ದನ್ನು ಮಾಲೀಕರು ಕಂಡು ತೋರಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ತಂತ್ರಜ್ಞ: ಉದಾಹರಣೆ ನಿಜ, ಆದರೆ ಅದರೊಳಗೆ ಇನ್ನೊಂದು ಪಾಠವೂ ಇದೆ. ವಿಂಡ್‌ಜಾಮರನ್ನು ಬೈಕಿನ ಫ್ರೇಮಿಗೆ, ಅಂದರೆ ಎಂಜಿನನ್ನೂ ಸೀಟನ್ನೂ ಹೊತ್ತ ಮೂಲ ಚೌಕಟ್ಟಿಗೆ, ಬಿಗಿಯಲಾಗುತ್ತಿತ್ತು. ಬೇರೆ ಬೇರೆ ಬೈಕುಗಳಿಗೆ ಹೊಂದುವ ಬೇರೆ ಬೇರೆ ಬ್ರಾಕೆಟ್ಟುಗಳಿದ್ದವು. ದೊಡ್ಡ ಕವಚವನ್ನು ಹ್ಯಾಂಡಲಿಗೋ ಮುಂದಿನ ಫೋರ್ಕಿಗೋ ಕಟ್ಟಿದರೆ ಅದರ ಭಾರವೆಲ್ಲ ತಿರುಗುವ ಭಾಗದ ಮೇಲೆ ಕೂತು, ಅಡ್ಡಗಾಳಿ ಬೀಸಿದಾಗಲೆಲ್ಲ ಗಾಳಿಯೇ ಹ್ಯಾಂಡಲನ್ನು ತಿರುಗಿಸಲು ನೋಡುತ್ತದೆ. ಫ್ರೇಮಿಗೆ ಬಿಗಿದ ಕವಚದ ಮೇಲೆ ಬಿದ್ದ ಗಾಳಿ ಇಡೀ ಬೈಕನ್ನು ತಳ್ಳಿದರೂ ಹ್ಯಾಂಡಲನ್ನು ನೇರವಾಗಿ ತಿರುಗಿಸುವುದಿಲ್ಲ. ಬಿ.ಎಂ.ಡಬ್ಲ್ಯು. ಕಂಪನಿಯು 1976ರಲ್ಲಿ ಆರ್100ಆರ್‌ಎಸ್ ಬೈಕನ್ನು ಪೂರ್ಣ ಫೇರಿಂಗಿನೊಂದಿಗೆ ಹೊರತಂದಾಗಲೂ ಕವಚವನ್ನು ಫ್ರೇಮಿಗೇ ಬಿಗಿದಿತ್ತು, ಅದರ ಆಕಾರವನ್ನು ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿತ್ತು. ಇಲ್ಲಿ ಉಳಿದು ಬಂದದ್ದು ಭಾರವನ್ನು ಎಲ್ಲಿಗೆ ಕಟ್ಟಬೇಕೆಂದು ಬಲ್ಲವರ ಮಾರ್ಪಾಡು.

ಪ್ರವಾಸಿ: ಗಾಳಿಯ ಮಾತು ಬಂದದ್ದರಿಂದ ಅದನ್ನು ಬಿಡಿಸಿ ನೋಡುವುದು ಒಳ್ಳೆಯದು. ಹೆದ್ದಾರಿಯಲ್ಲಿ ದಣಿವಿಗೆ ಮುಖ್ಯ ಕಾರಣ ಎದೆಗೆ ಬಡಿಯುವ ಗಾಳಿ ಎಂಬುದು ಅನುಭವದ ಮಾತು. ಎತ್ತರದ ವಿಂಡ್‌ಶೀಲ್ಡ್ ಹಾಕಿಸಿಕೊಂಡರೆ ಆ ದಣಿವು ತಪ್ಪುವುದಿಲ್ಲವೇ?

ತಂತ್ರಜ್ಞ: ಗಾಳಿಯ ಎದುರುಬಲ ವೇಗದ ವರ್ಗಕ್ಕೆ ತಕ್ಕಂತೆಯೂ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆಯೂ ಏರುತ್ತದೆ. ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಏರಿದರೆ ವೇಗ ಹೆಚ್ಚಿದ್ದು ಕಾಲುಭಾಗ. ಎದುರುಬಲ ಹೆಚ್ಚಿದ್ದು ಅರ್ಧಕ್ಕಿಂತ ತುಸು ಜಾಸ್ತಿ. ಗಾಳಿಗಾಗಿ ಎಂಜಿನ್ ವ್ಯಯಿಸುವ ಶಕ್ತಿ ಹೆಚ್ಚುಕಡಿಮೆ ಇಮ್ಮಡಿ. ಆದ್ದರಿಂದ ತಡೆ ಬೇಕೆಂಬುದು ಸರಿ. ತೊಂದರೆ ಏನೆಂದರೆ, ವಿಂಡ್‌ಶೀಲ್ಡಿನ ಮೇಲಂಚನ್ನು ದಾಟಿದ ಗಾಳಿ ನಯವಾಗಿ ಹರಿಯದೆ ಸುಳಿಗಳಾಗಿ ಒಡೆಯುತ್ತದೆ. ಆ ಸುಳಿಗಳು ಹೆಲ್ಮೆಟ್ಟಿಗೆ ಬಡಿದರೆ ತಲೆ ಕಂಪಿಸಿ ಕಣ್ಣು ಮಸುಕಾಗುತ್ತದೆ, ಕಿವಿಗೆ ಸದ್ದು ಹೆಚ್ಚುತ್ತದೆ. ಎತ್ತರದ ವಿಂಡ್‌ಶೀಲ್ಡ್ ಹಾಕಿಸಿ ಸದ್ದು ಹೆಚ್ಚಾಯಿತೆಂದು ದೂರುವವರ ಕಷ್ಟದ ಮೂಲ ಇದು. ಕೆಲವೊಮ್ಮೆ ಗಿಡ್ಡನೆಯ ವಿಂಡ್‌ಶೀಲ್ಡೇ ಮೇಲು, ಏಕೆಂದರೆ ಅದು ಎದೆಯ ಮೇಲಿನ ಒತ್ತಡವನ್ನು ತಪ್ಪಿಸಿ ತಲೆಯನ್ನು ನಿರ್ಮಲವಾದ ಗಾಳಿಯಲ್ಲೇ ಬಿಡುತ್ತದೆ. ಇನ್ನು ಕೆಲವೊಮ್ಮೆ ವಿಂಡ್‌ಶೀಲ್ಡಿನ ಕೆಳಗೆ ಸಂದು ಬಿಟ್ಟು ಒಳಕ್ಕೆ ಸ್ವಲ್ಪ ಗಾಳಿ ನುಗ್ಗಿಸಿದರೆ ಸುಳಿ ತಗ್ಗುತ್ತದೆ. ಯಾವ ಎತ್ತರವಾದರೂ ಸವಾರನ ನೋಟ ಅದರ ಮೇಲಂಚಿನ ಮೇಲಿಂದ ಹೋಗುವಂತಿರಬೇಕು. ಮಲೆನಾಡಿನ ಮಳೆಯಲ್ಲಿ, ಇರುಳಿನಲ್ಲಿ, ನೀರಹನಿ ಅಂಟಿದ ಪ್ಲಾಸ್ಟಿಕ್ಕಿನ ಮೂಲಕ ತಿರುವನ್ನು ಹುಡುಕುವುದು ಅಪಾಯದ ಕೆಲಸ.

ಪ್ರವಾಸಿ: ಹಾಗಾದರೆ ಸಾಮಾನಿನ ಪೆಟ್ಟಿಗೆಗಳಿಗೆ ಬರೋಣ. ಹಿಂದೆ ಒಂದು ಟಾಪ್ ಬಾಕ್ಸ್, ಎರಡು ಪಕ್ಕಗಳಿಗೆ ಪ್ಯಾನಿಯರ್ ಎಂಬ ಎರಡು ಪೆಟ್ಟಿಗೆ, ಇವಿಲ್ಲದೆ ಹದಿನೈದು ದಿನದ ಪ್ರವಾಸವನ್ನು ಊಹಿಸುವುದೂ ಕಷ್ಟ. ಬೀಗ ಹಾಕಬಹುದು, ಮಳೆ ಒಳಗೆ ಬಾರದು, ಪ್ರತಿ ಸಂಜೆ ಹಗ್ಗ ಬಿಚ್ಚುವ ಗೊಡವೆಯಿಲ್ಲ.

ತಂತ್ರಜ್ಞ: ಸಂಸಾರದ ಆಯವ್ಯಯವನ್ನು ಬರೆದಿಡುವವರಂತೆ ಬೈಕಿನ ಭಾರದ ಆಯವ್ಯಯವನ್ನೂ ಬರೆದಿಡಬೇಕಾದದ್ದು ಇಲ್ಲಿಯೇ. ಪ್ರತಿ ಬೈಕಿಗೂ ತಯಾರಕರು ಒಟ್ಟು ತೂಕದ ಮಿತಿಯನ್ನು ಗೊತ್ತುಮಾಡಿರುತ್ತಾರೆ; ಬೈಕಿನ ತೂಕ, ಸವಾರರ ತೂಕ, ಸಾಮಾನಿನ ತೂಕ ಎಲ್ಲವೂ ಅದರೊಳಗೆ ಅಡಗಬೇಕು. ಆ ಮಿತಿ 390 ಕಿಲೋ ಎಂದೂ ಪೆಟ್ರೋಲ್ ತುಂಬಿದ ಬೈಕಿನ ತೂಕ 200 ಕಿಲೋ ಎಂದೂ ಇಟ್ಟುಕೊಂಡರೆ ಉಳಿಯುವುದು 190. ಹೆಲ್ಮೆಟ್, ಜಾಕೆಟ್, ಬೂಟುಗಳ ಸಮೇತ ಸವಾರ 85, ಹಿಂದೆ ಕೂತವರು 65 ಎಂದರೆ 150 ಕಿಲೋ ಖರ್ಚಾಗಿ 40 ಉಳಿಯುತ್ತದೆ. ಉಕ್ಕಿನ ಲೆಗ್ ಗಾರ್ಡಿಗೂ ಎಂಜಿನ್ ತಳದ ರಕ್ಷಣಾ ಫಲಕಕ್ಕೂ 8, ಪೆಟ್ಟಿಗೆ ಹೊರುವ ಚೌಕಟ್ಟಿಗೆ 6, ಖಾಲಿ ಅಲ್ಯೂಮಿನಿಯಂ ಪೆಟ್ಟಿಗೆ ಮೂರಕ್ಕೆ 15 ಕಿಲೋ ಕಳೆದರೆ ಬಟ್ಟೆ, ನೀರು, ಪಂಕ್ಚರ್ ಸಾಮಗ್ರಿ, ಕ್ಯಾಮೆರಾ ಎಲ್ಲಕ್ಕೂ ಸೇರಿ ಉಳಿಯುವುದು ಕೇವಲ 11 ಕಿಲೋ. ಸಾಮಾನು ಹೊರಲೆಂದು ಹಾಕಿಸಿದ ಸಲಕರಣೆಯೇ ಸಾಮಾನಿನ ಪಾಲನ್ನು ತಿಂದುಬಿಡುತ್ತದೆ. ಮುಕ್ಕಾಲು ಪಾಲು ಸವಾರರಿಗೆ ಹಗುರವಾದ, ನೀರು ಹೋಗದ ಬಟ್ಟೆಯ ಸ್ಯಾಡಲ್ ಬ್ಯಾಗುಗಳೇ ಸಾಕು. ಬಿದ್ದಾಗ ಅವು ಕಾಲನ್ನು ಸಿಕ್ಕಿಸಿ ಮುರಿಯುವ ಸಂಭವವೂ ಕಡಿಮೆ.

ಪ್ರವಾಸಿ: ಮಿತಿಯೊಳಗೇ ಇದ್ದರೆ ಭಾರವನ್ನು ಎಲ್ಲಿ ಇಟ್ಟರೂ ಸರಿಯೇ?

ತಂತ್ರಜ್ಞ: ಎಷ್ಟು ಎಂಬುದರಷ್ಟೇ ಎಲ್ಲಿ ಎಂಬುದೂ ಮುಖ್ಯ. ಎರಡು ಚಕ್ರಗಳ ನಡುವಿನ ಅಂತರ 150 ಸೆಂಟಿಮೀಟರ್ ಇರುವ ಬೈಕಿನಲ್ಲಿ ಹಿಂದಿನ ಅಚ್ಚಿಗಿಂತ 45 ಸೆಂಟಿಮೀಟರ್ ಹಿಂದಕ್ಕೆ 10 ಕಿಲೋ ತೂಕದ ಟಾಪ್ ಬಾಕ್ಸ್ ಇಟ್ಟರೆ, ಸನ್ನೆಯ ನಿಯಮದಂತೆ ಹಿಂಚಕ್ರದ ಮೇಲೆ 13 ಕಿಲೋ ಬೀಳುತ್ತದೆ, ಮುಂಚಕ್ರದಿಂದ 3 ಕಿಲೋ ಕಳೆಯುತ್ತದೆ. ಬೈಕನ್ನು ತಿರುಗಿಸುವುದೂ ಬ್ರೇಕಿನ ಹೆಚ್ಚಿನ ಕೆಲಸ ಮಾಡುವುದೂ ಮುಂಚಕ್ರವೇ ಆದ್ದರಿಂದ ಅದು ಹಗುರಾದಷ್ಟೂ ಹಿಡಿತ ಸಡಿಲವಾಗುತ್ತದೆ. ಹಿಂದೆ ಎತ್ತರದಲ್ಲಿ ಕಟ್ಟಿದ ಭಾರಕ್ಕೆ ಇನ್ನೊಂದು ದುರ್ಗುಣವಿದೆ: ವೇಗ ಏರಿದಾಗ ಬೈಕಿನ ಹಿಂಭಾಗ ಸೆಕೆಂಡಿಗೆ ಎರಡು ಮೂರು ಸಲದಂತೆ ಅತ್ತಿತ್ತ ಹೊಯ್ದಾಡತೊಡಗುತ್ತದೆ. ಆಗ ಸವಾರ ಹ್ಯಾಂಡಲನ್ನು ಬಿಗಿಹಿಡಿದು ಸೆಣಸಿದಷ್ಟೂ ಹೊಯ್ದಾಟ ಬಲಗೊಳ್ಳುತ್ತದೆ. ಹಿಡಿತ ಸಡಿಲಿಸಿ ಮೆಲ್ಲನೆ ವೇಗ ತಗ್ಗಿಸುವುದೇ ದಾರಿ. ಉಪಕರಣ, ನೀರು, ಬಿಡಿಭಾಗಗಳಂಥ ಭಾರದ ವಸ್ತುಗಳನ್ನು ಕೆಳಗೆ, ಎರಡು ಅಚ್ಚುಗಳ ನಡುವೆ, ಸವಾರನ ಹತ್ತಿರಕ್ಕೆ ತಂದು, ಟಾಪ್ ಬಾಕ್ಸಿನಲ್ಲಿ ಮಳೆಕೋಟು ಜಾಕೆಟ್ಟುಗಳಂಥ ಹಗುರವಾದವುಗಳನ್ನು ಮಾತ್ರ ಇಡಬೇಕೆಂಬ ನಿಯಮಕ್ಕೆ ಇದೇ ಕಾರಣ.

ಪ್ರವಾಸಿ: ಭಾರ ಹೆಚ್ಚಿದರೆ ಹಿಂದಿನ ಸಸ್ಪೆನ್ಷನ್ನನ್ನು ಬಿಗಿಗೊಳಿಸಿದರಾಯಿತೆಂದು ಗ್ಯಾರೇಜಿನವರು ಹೇಳುತ್ತಾರೆ.

ತಂತ್ರಜ್ಞ: ಅವರು ಬಿಗಿಗೊಳಿಸುವುದು ಪ್ರೀಲೋಡನ್ನು. ಸ್ಪ್ರಿಂಗನ್ನು ಅದರ ಕೂಡುನೆಲೆಯಲ್ಲಿ ಮೊದಲೇ ಎಷ್ಟು ಅದುಮಿಟ್ಟಿದೆ ಎಂಬುದು ಪ್ರೀಲೋಡ್. ಅದನ್ನು ಹೆಚ್ಚಿಸಿದರೆ ಕುಸಿದ ಬೈಕು ಮೇಲೇಳುತ್ತದೆ, ಸ್ಪ್ರಿಂಗಿನ ಗಡಸುತನ ಮಾತ್ರ ಇದ್ದಷ್ಟೇ ಇರುತ್ತದೆ. ಸರಿಯಾಗಿದೆಯೇ ಎಂದು ತಿಳಿಯಲು ಒಂದು ಅಳತೆಪಟ್ಟಿ ಸಾಕು. ಹಿಂಚಕ್ರ ನೆಲ ಬಿಟ್ಟಾಗ ಅಚ್ಚಿನಿಂದ ಸೀಟಿನ ಬದಿಯ ಒಂದು ಗುರುತಿಗಿರುವ ದೂರವನ್ನೂ, ಸವಾರ ಸಾಮಾನು ಸಮೇತ ಕೂತಾಗಿನ ದೂರವನ್ನೂ ಅಳೆದರೆ ಎರಡರ ವ್ಯತ್ಯಾಸವೇ ಸ್ಯಾಗ್, ಅಂದರೆ ಕುಸಿತ. ಚಕ್ರದ ಒಟ್ಟು ಚಲನೆಯ ಮೂರರಲ್ಲೊಂದು ಪಾಲಿನ ಆಸುಪಾಸಿನಲ್ಲಿ ಈ ಕುಸಿತವಿರಬೇಕು. 180 ಮಿಲಿಮೀಟರ್ ಚಲನೆಯ ಬೈಕಿಗೆ ಸುಮಾರು 60. ಪ್ರೀಲೋಡನ್ನು ಕೊನೆಯವರೆಗೆ ತಿರುಗಿಸಿದರೂ ಕುಸಿತ ಅದಕ್ಕಿಂತ ಬಹಳ ಹೆಚ್ಚಿದ್ದರೆ ಗಡಸಾದ ಸ್ಪ್ರಿಂಗು ಬೇಕು, ಇಲ್ಲವೇ ಸಾಮಾನು ಕಡಿಮೆಯಾಗಬೇಕು. ಟೈರಿಗೂ ಇದೇ ಲೆಕ್ಕ: ಅದರ ಪಕ್ಕದಲ್ಲಿ ಅಳತೆಯ ಮುಂದೆ ಅಚ್ಚಾದ ಭಾರದ ಸೂಚ್ಯಂಕ 64 ಎಂದಿದ್ದರೆ ಆ ಟೈರು ಪೂರ್ಣ ಗಾಳಿಯಲ್ಲಿ 280 ಕಿಲೋ ಹೊರಬಲ್ಲುದು. ನೋಡಲು ದಪ್ಪಗಿದೆಯೆಂದು ಬೇರೆ ಅಳತೆಯ ಟೈರು ಹಾಕಿದರೆ ಸ್ಪೀಡೋಮೀಟರ್ ತಪ್ಪು ಹೇಳುವುದಲ್ಲದೆ ಬೈಕು ತಿರುವಿಗೆ ಒಲಿಯುವ ರೀತಿಯೇ ಬದಲಾಗುತ್ತದೆ.

ಪ್ರವಾಸಿ: ಇನ್ನು ದೀಪಗಳು. ಭಾರತದ ಹೆದ್ದಾರಿಗಳಲ್ಲಿ ರಾತ್ರಿ ದೀಪವಿಲ್ಲದೆ ನಿಂತ ಲಾರಿ, ಮಲಗಿದ ದನ, ಗುರುತಿಲ್ಲದ ಹಂಪುಗಳನ್ನು ಕಂಡವರಾರೂ ಹೆಚ್ಚುವರಿ ದೀಪವನ್ನು ಆಡಂಬರವೆನ್ನಲಾರರು. ಅದರ ಜೊತೆಗೆ ಮೊಬೈಲಿಗೆ ಚಾರ್ಜರು, ಚಳಿಯ ಪ್ರದೇಶಕ್ಕೆ ಬಿಸಿಯಾಗುವ ಗ್ರಿಪ್ಪು, ಇವೂ ಅವಶ್ಯಕವೇ.

ತಂತ್ರಜ್ಞ: ವಿದ್ಯುತ್ತಿನ ಆದಾಯವೂ ಮಿತವಾದದ್ದು. ಎಂಜಿನ್ ತಿರುಗುವಾಗ ವಿದ್ಯುತ್ತನ್ನು ಹುಟ್ಟಿಸುವ ಆಲ್ಟರ್ನೇಟರಿನ ಶಕ್ತಿ 220 ವ್ಯಾಟ್ ಎಂದೂ, ಹೆಡ್‌ಲೈಟು, ಪೆಟ್ರೋಲ್ ಪಂಪು, ಎಂಜಿನ್ ನಿಯಂತ್ರಕ ಮುಂತಾಗಿ ಬೈಕಿನ ಸ್ವಂತ ಖರ್ಚು 130 ಎಂದೂ ಹಿಡಿದರೆ ಉಳಿತಾಯ 90 ವ್ಯಾಟ್. 2017ರ ಏಪ್ರಿಲಿನಿಂದ ಹೊಸ ಬೈಕುಗಳ ಹೆಡ್‌ಲೈಟು ಹಗಲಿನಲ್ಲೂ ಉರಿಯುತ್ತಲೇ ಇರಬೇಕೆಂಬ ನಿಯಮವಿರುವುದರಿಂದ ಅದನ್ನು ಆರಿಸಿ ಉಳಿಸುವ ಮಾತೂ ಇಲ್ಲ. 55 ವ್ಯಾಟಿನ ಎರಡು ಹ್ಯಾಲೋಜನ್ ದೀಪ ಹಾಕಿದರೆ 110 ವ್ಯಾಟ್, ಅಲ್ಲಿಗೇ ಸಾಲ. 20 ವ್ಯಾಟಿನ ಎರಡು ಎಲ್‌ಇಡಿ, 35 ವ್ಯಾಟಿನ ಗ್ರಿಪ್ಪು, 15 ವ್ಯಾಟಿನ ಚಾರ್ಜರು ಸೇರಿದರೆ ಸರಿಯಾಗಿ 90. ಆ 220 ವ್ಯಾಟು ಎಂಜಿನ್ ಜೋರಾಗಿ ತಿರುಗುವಾಗಿನದು. ಸಿಗ್ನಲಿನಲ್ಲಿ ನಿಂತಾಗ ಅದು ಬಹಳ ಕುಗ್ಗಿ ಬ್ಯಾಟರಿ ಕರಗತೊಡಗುತ್ತದೆ. ಜೋಡಣೆಯ ಕ್ರಮವೂ ಮುಖ್ಯ: ಹೊಸ ದೀಪದ ಪೂರ್ಣ ಕರೆಂಟನ್ನು ಹ್ಯಾಂಡಲಿನ ಸಣ್ಣ ಸ್ವಿಚ್ಚಿನ ಮೂಲಕ ಹರಿಸದೆ, ಸಣ್ಣ ಕರೆಂಟಿನ ಅಪ್ಪಣೆಯಿಂದ ದೊಡ್ಡ ಕರೆಂಟಿನ ದಾರಿಯನ್ನು ತೆರೆಯುವ ರಿಲೇ ಎಂಬ ಸಾಧನವನ್ನು ಹಾಕಬೇಕು, ಫ್ಯೂಸನ್ನು ದೀಪದ ಬಳಿ ಇಡದೆ ಬ್ಯಾಟರಿಯ ಬಳಿ ಇಡಬೇಕು, ಏಕೆಂದರೆ ಅದು ಕಾಯುವುದು ವೈರನ್ನು, ವೈರಿನ ಸಿಪ್ಪೆ ಸುಲಿದು ಟೇಪು ಸುತ್ತುವ ಅಭ್ಯಾಸವನ್ನು ಬಿಟ್ಟು ನೀರು ಹೋಗದ ಕನೆಕ್ಟರುಗಳನ್ನು ಬಳಸಬೇಕು. ದೀಪದ ಬೆಳಕು ರಸ್ತೆಯ ಮೇಲೆ ಬೀಳದೆ ಎದುರಿನವರ ಕಣ್ಣಿಗೆ ಬಿದ್ದರೆ ಅದು ತಂದ ಸುರಕ್ಷತೆ ಏನೂ ಇಲ್ಲ.

ಪ್ರವಾಸಿ: ಸೈಲೆನ್ಸರ್ ಮತ್ತು ಏರ್ ಫಿಲ್ಟರನ್ನು ಬದಲಿಸಿ ಎಂಜಿನಿನ ಶಕ್ತಿಯನ್ನೇ ಹೆಚ್ಚಿಸಿಕೊಂಡರೆ ಭಾರದ ಚಿಂತೆ ಕಡಿಮೆಯಾಗದೇ? ಲಡಾಖಿಗೆ ಹೋಗುವವರಲ್ಲಿ ಹಲವರು ಇದನ್ನು ಮಾಡಿಸಿಕೊಳ್ಳುತ್ತಾರೆ.

ತಂತ್ರಜ್ಞ: ಐದು ಸಾವಿರ ಮೀಟರಿಗೂ ಮೀರಿದ ಖರ್ದುಂಗ್ ಲಾ ಕಣಿವೆಮಾರ್ಗದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಿರುತ್ತದೆ. ಸಿಲಿಂಡರಿನೊಳಗೆ ಹೋಗುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ತಗ್ಗುವುದರಿಂದ ಎಂಜಿನಿನ ಶಕ್ತಿ ಕುಗ್ಗುತ್ತದೆ. ಹಳೆಯ ಕಾರ್ಬ್ಯುರೇಟರಿನ ಬೈಕುಗಳಲ್ಲಿ ಪೆಟ್ರೋಲ್ ಅಷ್ಟೇ ಸುರಿದು ಗಾಳಿ ಕಡಿಮೆಯಾದ್ದರಿಂದ ಹೊಗೆಯೂ ಉಸಿರುಕಟ್ಟುವಿಕೆಯೂ ಕಾಣುತ್ತಿದ್ದವು. ಇಂದಿನ ಇಂಜೆಕ್ಷನ್ ಬೈಕುಗಳು ಒತ್ತಡವನ್ನು ಅಳೆದು ಪೆಟ್ರೋಲನ್ನು ಹದಗೊಳಿಸುತ್ತವೆ, ಇಲ್ಲದ ಆಮ್ಲಜನಕವನ್ನು ಅವೂ ತರಲಾರವು. ಬದಲಿ ಸೈಲೆನ್ಸರಿನಿಂದ ಸಾಮಾನ್ಯವಾಗಿ ಹೆಚ್ಚುವುದು ಸದ್ದು, ಹೋಗುವುದು ವಿಷಾನಿಲವನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರು. ಅಂಥ ಏರಿಗೆ ಬೇಕಾದದ್ದು ಚಿಕ್ಕ ಗೇರು, ಕಡಿಮೆ ಸಾಮಾನು, ಮತ್ತು ತಾಳ್ಮೆ.

ಪ್ರವಾಸಿ: ಪೆಟ್ರೋಲಿನ ಮಾತು ಬಂದದ್ದರಿಂದ ಕೇಳಬೇಕು: ಮನಾಲಿಯಿಂದ ಲೇಹ್‌ಗೆ ಹೋಗುವವರು ಬೈಕಿನ ಎರಡು ಬದಿಗೂ ಕ್ಯಾನು ಕಟ್ಟಲೆಂದೇ ಉಕ್ಕಿನ ಚೌಕಟ್ಟು ಹಾಕಿಸುವುದು ವಾಡಿಕೆ. ಆ ದಾರಿಯಲ್ಲಿರುವ ತಾಂಡಿ ಎಂಬ ಊರಿನ ಬಂಕಿನಲ್ಲಿ ಮುಂದಿನ ಬಂಕು 365 ಕಿಲೋಮೀಟರ್ ದೂರವೆಂದು ಎಚ್ಚರಿಸುವ ಫಲಕ ಪ್ರವಾಸಿಗರ ನಡುವೆ ಪ್ರಸಿದ್ಧವಾಗಿದೆಯಲ್ಲವೇ?

ತಂತ್ರಜ್ಞ: ಆ ಸಂಖ್ಯೆಯನ್ನೇ ಲೆಕ್ಕಕ್ಕಿಟ್ಟು ನೋಡಬಹುದು. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿನ ಟ್ಯಾಂಕು 15 ಲೀಟರಿನದು. ಲೀಟರಿಗೆ 30 ಕಿಲೋಮೀಟರ್ ಸಿಕ್ಕರೆ 450 ಕಿಲೋಮೀಟರ್. ಏರು, ಚಿಕ್ಕ ಗೇರು, ಭಾರ ಎಲ್ಲವನ್ನೂ ಎಣಿಸಿ 25ಕ್ಕೆ ಇಳಿಸಿದರೆ 375. ಕೊರತೆಯ ಭಯಕ್ಕೆ ಎರಡು ಮೂರು ಲೀಟರು ಜೊತೆಗಿದ್ದರೆ ಸಾಕು. ಹತ್ತು ಹತ್ತು ಲೀಟರಿನ ಎರಡು ಕ್ಯಾನು ಕಟ್ಟಿದವರು ಸುಮಾರು 15 ಕಿಲೋ ಪೆಟ್ರೋಲನ್ನೂ ಅದರ ಚೌಕಟ್ಟನ್ನೂ ಹೊತ್ತು, ಆ ಭಾರವನ್ನು ಹೊರಲು ಇನ್ನಷ್ಟು ಪೆಟ್ರೋಲ್ ಸುಡುತ್ತಾರೆ. ದಾರಿಯನ್ನು ಮೊದಲು ಓದಿ ಆಮೇಲೆ ಅಂಗಡಿಗೆ ಹೋದವರ ಪಟ್ಟಿ ಯಾವಾಗಲೂ ಚಿಕ್ಕದಾಗಿರುತ್ತದೆ. ಟೆಡ್ ಸೈಮನ್ ಎಂಬ ಬರಹಗಾರ 1973ರಿಂದ 1977ರವರೆಗೆ ಭಾರತವನ್ನೂ ಹಾದು ಜಗತ್ತು ಸುತ್ತಿದ್ದು 500 ಸಿಸಿಯ ಒಂದು ಸಾಧಾರಣ ಟ್ರಯಂಫ್ ಬೈಕಿನ ಮೇಲೆ.

ಪ್ರವಾಸಿ: ಕಾನೂನಿನ ದೃಷ್ಟಿಯಲ್ಲಿ ಈ ಮಾರ್ಪಾಡುಗಳ ಸ್ಥಾನವೇನು? ಸಂಚಾರ ಪೊಲೀಸರು ತಡೆದಾಗ ಏನು ತಪ್ಪು, ಏನು ಸರಿ ಎಂಬುದೇ ಸವಾರರಿಗೆ ತಿಳಿದಿರುವುದಿಲ್ಲ.

ತಂತ್ರಜ್ಞ: 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದವುಗಳಿಂದ ಬೇರೆಯಾಗುವಂತೆ ಮಾಲೀಕನು ವಾಹನವನ್ನು ಬದಲಿಸಕೂಡದೆನ್ನುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯ ತೀರ್ಪಿನಲ್ಲಿ ಈ ನಿಷೇಧವನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಹೊಸ ರೂಪ ಪಡೆದ 182ಎ ಕಲಮಿನಂತೆ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ವಿಧಿಸಬಹುದು. ಎಂಜಿನ್, ಫ್ರೇಮ್, ಬಣ್ಣಗಳಂಥ ನಮೂದಾದ ಸಂಗತಿಗಳನ್ನು ಮುಟ್ಟುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಅನಿವಾರ್ಯ. ಪ್ಯಾನಿಯರಿಗೆ ಜಾಗ ಮಾಡಲೆಂದು ಸೀರೆ ಗಾರ್ಡನ್ನು ಬಿಚ್ಚುವವರು, ಹಿಂಚಕ್ರದ ಅರ್ಧಭಾಗಕ್ಕಾದರೂ ಮರೆಯಿರಬೇಕು, ಹಿಂದೆ ಕೂತವರಿಗೆ ಹಿಡಿಕೆಯೂ ಕಾಲೂರುವ ಜಾಗವೂ ಇರಬೇಕು ಎಂಬ ಕೇಂದ್ರದ ನಿಯಮವನ್ನು ಮೀರುತ್ತಾರೆ. ಹಿಂದೆ ಜೋಡಿಸುವ ಹಗುರ ಪೆಟ್ಟಿಗೆಗೆ 2020ರ ತಿದ್ದುಪಡಿ ಅವಕಾಶ ಕೊಟ್ಟು 550 ಮಿಲಿಮೀಟರ್ ಉದ್ದ, 510 ಅಗಲ, 500 ಎತ್ತರದ ಮಿತಿ ಹಾಕಿದೆ. ಪೆಟ್ಟಿಗೆ ಹಿಂಬದಿ ಸೀಟಿನ ಜಾಗವನ್ನು ಹಿಡಿದರೆ ಇನ್ನೊಬ್ಬರನ್ನು ಕೂರಿಸಿಕೊಳ್ಳುವಂತಿಲ್ಲ. ವಿಮೆಯವರಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ನಂತರ ಪರಿಹಾರಕ್ಕೆ ತೊಡಕಾಗಬಹುದೆಂಬುದನ್ನೂ ನೆನಪಿಡಬೇಕು.

ಪ್ರವಾಸಿ: ಇಷ್ಟೆಲ್ಲ ಎಣಿಸಿದ ಮೇಲೂ ಎಣಿಕೆಗೆ ಸಿಗದ ಒಂದು ಅಂಶ ಉಳಿಯುತ್ತದೆ. ಬಣ್ಣದ ಪಟ್ಟೆ, ಹೆಸರು ಕೊರೆದ ಫಲಕ, ಪೆಟ್ಟಿಗೆಗೆ ಅಂಟಿಸಿದ ಊರೂರ ಚಿತ್ರಗಳು, ಇವು ಬೈಕನ್ನು ವೇಗವಾಗಿಯೂ ಓಡಿಸವು, ಸುರಕ್ಷಿತವಾಗಿಯೂ ಮಾಡವು; ಆದರೂ ಯಂತ್ರವನ್ನು ತನ್ನದಾಗಿಸಿಕೊಳ್ಳುವ ಆಸೆ ತಿರಸ್ಕಾರಕ್ಕೆ ಯೋಗ್ಯವೇನಲ್ಲ.

ತಂತ್ರಜ್ಞ: ಅಲಂಕಾರವನ್ನು ಅಲಂಕಾರವೆಂದೇ ಕರೆಯುವವರೆಗೆ ಅದರಲ್ಲಿ ದೋಷವಿಲ್ಲ, ಅದನ್ನು ಸುರಕ್ಷತೆಯ ಹೆಸರಿನಲ್ಲಿ ಕೊಂಡಾಗ ಲೆಕ್ಕ ತಪ್ಪುತ್ತದೆ. ಆದ್ದರಿಂದ ಕ್ರಮವೊಂದನ್ನು ಹೇಳಬಹುದು. ಮೊದಲು ಖರ್ಚಿಲ್ಲದ ಹೊಂದಾಣಿಕೆಗಳು, ಆಮೇಲೆ ಸೀಟು ಮತ್ತು ಹ್ಯಾಂಡಲು, ನಂತರ ಟೈರು ಮತ್ತು ಸಸ್ಪೆನ್ಷನ್, ಬಳಿಕ ಗಾಳಿತಡೆ, ಕೊನೆಗೆ ಪೆಟ್ಟಿಗೆ ಮತ್ತು ದೀಪ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪೂರ್ಣ ಭಾರದೊಂದಿಗೆ ಒಂದು ದಿನದ ದಾರಿ ಓಡಿಸಿ ನೋಡಬೇಕು. ಎರಡನ್ನು ಒಟ್ಟಿಗೆ ಮಾಡಿದರೆ ಗುಣವಾಗಲಿ ದೋಷವಾಗಲಿ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಫ್ರೇಮನ್ನು ಕೊರೆಯದೆ, ಬೆಸೆಯದೆ, ಮೂಲ ವೈರನ್ನು ಕತ್ತರಿಸದೆ ಮಾಡಿದ್ದನ್ನು ಬಿಚ್ಚಿ ಹಿಂದಿನ ಸ್ಥಿತಿಗೆ ತರಲು ಸಾಧ್ಯ. ಹಳೆಯ ಬಿಡಿಭಾಗಗಳನ್ನು ಮನೆಯಲ್ಲಿ ಎತ್ತಿಡುವುದು ಅದಕ್ಕಾಗಿಯೇ. ಹೊಸದಾಗಿ ಬಿಗಿದ ಪ್ರತಿ ಬೋಲ್ಟನ್ನೂ ಮೊದಲ ದಿನದ ಕೊನೆಗೆ ಮತ್ತೆ ಪರೀಕ್ಷಿಸಬೇಕು, ಏಕೆಂದರೆ ಕಂಪನವು ಮೊದಲು ಸಡಿಲಿಸುವುದು ಹೊಸ ಜೋಡಣೆಯನ್ನೇ.

ಪ್ರವಾಸಿ: ಕ್ರಮವನ್ನು ಒಪ್ಪಬಹುದು. ಆದರೆ ಮಾಲೀಕರು ಸೇರಿಸಿದ್ದನ್ನು ಕಾರ್ಖಾನೆ ತನ್ನದಾಗಿಸಿಕೊಂಡಿತೆಂಬ ಗೋಲ್ಡ್ ವಿಂಗಿನ ಸಾಕ್ಷ್ಯಕ್ಕೆ ಪೂರ್ಣ ಉತ್ತರ ಬಂದಂತಾಗಲಿಲ್ಲ.

ತಂತ್ರಜ್ಞ: ಉತ್ತರ ಅದೇ ಬೈಕಿನ ಮುಂದಿನ ಚರಿತ್ರೆಯಲ್ಲಿದೆ. ನಾಲ್ಕು ಸಿಲಿಂಡರ್ ಆರಾಗಿ, 999 ಸಿಸಿ 1800ರ ಮಟ್ಟಕ್ಕೆ ಏರಿ, ಪೀಳಿಗೆಯಿಂದ ಪೀಳಿಗೆಗೆ ಸೇರಿಸುತ್ತಲೇ ಬಂದ ಕಂಪನಿ, 2018ರ ಮಾದರಿಯನ್ನು ಹೊಸದಾಗಿ ರೂಪಿಸಿದಾಗ ಸುಮಾರು 40 ಕಿಲೋ ಇಳಿಸಿತು. ಸಾಮಾನಿನ ಜಾಗವನ್ನೂ ಕಡಿತಗೊಳಿಸಿ, ಹಿಂದಿನ ಪೆಟ್ಟಿಗೆಯಿಲ್ಲದ ಒಂದು ರೂಪವನ್ನೂ ಮಾರಾಟಕ್ಕಿಟ್ಟಿತು. ಸೇರಿಸುವುದನ್ನು ಸವಾರರಿಂದ ಕಲಿತವರು ಕಳೆಯುವುದನ್ನು ತಾವಾಗಿ ಕಲಿಯಬೇಕಾಯಿತು.

ಪ್ರವಾಸಿ: ಕಡಿತಗೊಂಡ ಜಾಗ ಸಾಲದೆ, ಅದೇ ಬೈಕಿನ ಹಿಂದೆ ಮತ್ತೆ ರ‍್ಯಾಕು ಕಟ್ಟುವ ಸವಾರರೂ ಇದ್ದೇ ಇರುತ್ತಾರೆ.

ತಂತ್ರಜ್ಞ: ಇರಲಿ, ಕಟ್ಟುವ ಮುನ್ನ ತಕ್ಕಡಿಯ ಮೇಲಿಟ್ಟು ತೂಗಿ, ಅದರ ಬದಲು ಏನನ್ನು ಮನೆಯಲ್ಲಿ ಬಿಡುವುದೆಂದು ನಿರ್ಧರಿಸಿದವರಿಗೆ ಮಾರ್ಪಾಡಿನ ಹಕ್ಕಿದೆ. ಆ ನಿರ್ಧಾರ ಯಾವ ಅಂಗಡಿಯಲ್ಲೂ ಸಿಗದು, ಯಾವ ತಯಾರಕನೂ ಸವಾರನ ಪರವಾಗಿ ಅದನ್ನು ಮಾಡಲಾರ.